ಕೋವಿಯ ಹಿಂಬಾಗಿಲು

ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ರಜೆ ಪೂರ್ತಿ ದೊಡ್ಡಪ್ಪನಿಗೆ ಪುಸ್ತಕ ಓದಿ ಹೇಳುವುದೇ ನನ್ನ ಕೆಲಸವಾಗಿತ್ತು. ಅವರಿಗೆ ಓದು ಬರುತ್ತಿರಲಿಲ್ಲವೆಂದಲ್ಲ, ಕಣ್ಣಿಗೆ ಪೊರೆ ಬಂದಿತ್ತು. ಗೌಡಗೆರೆಯ ನಮ್ಮ ಮನೆಯ ಜಗಲಿ, ಕರೆಂಟು ಹೋದ ರಾತ್ರಿ, ಒಂದು ಲಾಟೀನು. ಪುಸ್ತಕ, ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕತೆಗಳು. ನರಭಕ್ಷಕ ಎದುರಿಗೆ ಬಂದು, ಆಂಡರ್ಸನ್ ಮೊದಲ ಗುಂಡು ಹಾರಿಸಿ, ಹಿಂದೆಯೇ ಎರಡನೆಯದು, ಮೂರನೆಯದು ಎಂದು ನಾನು ಉಸಿರು ಬಿಡದೆ ಓದುತ್ತಿದ್ದೆ. ದೊಡ್ಡಪ್ಪ ಕೈ ಎತ್ತಿ ನಿಲ್ಲಿಸಿದರು.

“ಅಲ್ಲ ಕಣ್ಲಾ, ಇವ್ನು ಮದ್ದು ತುಂಬೋದು ಯಾವಾಗ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಕತೆಯಲ್ಲಿ ಅದನ್ನು ಯಾರಾದರೂ ಕೇಳಬಹುದೆಂದೇ ನನಗೆ ಹೊಳೆದಿರಲಿಲ್ಲ. ರೈಫಲ್ ಅಂದರೆ ಢಂ ಢಂ ಅನ್ನುವುದು, ಅಷ್ಟೆ. ಆದರೆ ದೊಡ್ಡಪ್ಪನ ಮಟ್ಟಿಗೆ ಮೊದಲ ಗುಂಡಿಗೂ ಎರಡನೆಯ ಗುಂಡಿಗೂ ನಡುವೆ ಒಂದು ದೊಡ್ಡ ಕೆಲಸವಿತ್ತು. ಅವರ ಬಳಿ ಇದ್ದದ್ದು ಒಂಟಿ ನಳಿಗೆಯ ಕೇಪಿನ ಕೋವಿ. ಲೈಸೆನ್ಸ್ ಪುಸ್ತಕದಲ್ಲಿ ಅದಕ್ಕೆ ‘ಎಸ್‌ಬಿಎಂಎಲ್’ ಎಂದು ಬರೆದಿರುತ್ತದೆ. ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆ ಎಂದು ಅದರ ಅರ್ಥ. ಕಡ್ಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಾಗಿ ಸಿಕ್ಕ ಲೈಸೆನ್ಸು. ಅಳತೆ ನೋಡಿ ಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರು ತುರುಕಿ ಉದ್ದನೆಯ ಕಡ್ಡಿಯಿಂದ ಇಡಿಯಬೇಕು, ಚರೆ ಹಾಕಬೇಕು, ಮತ್ತೆ ನಾರು, ಮತ್ತೆ ಇಡಿಯುವುದು, ಕೊನೆಗೆ ಕೇಪು ಕೂರಿಸಬೇಕು. ಒಂದು ಈಡು ತಪ್ಪಿದರೆ ಇಷ್ಟನ್ನೂ ಕತ್ತಲಲ್ಲಿ ಮೊದಲಿನಿಂದ ಮಾಡಬೇಕು. ಹಂದಿ ಅಲ್ಲಿಯ ತನಕ ಕಾದು ನಿಂತಿರುತ್ತದೆಯೇ?

ಇನ್ನೊಂದು ವಿಷಯವೂ ಇತ್ತು. ದೊಡ್ಡಪ್ಪನ ಬಲಗೈ ಹೆಬ್ಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಹಚ್ಚೆ ಚುಚ್ಚಿದಂತೆ ನೀಲಿ ಚುಕ್ಕಿಗಳಿದ್ದವು. ನಾನು ಹುಟ್ಟುವ ಮೊದಲು ಒಂದು ರಾತ್ರಿ ಅವರ ಕೋವಿ ಮುಂದಕ್ಕೆ ಹೊಡೆಯುವ ಬದಲು ಹಿಂದಕ್ಕೆ ಹೊಡೆದಿತ್ತು. ನಳಿಗೆಯ ಹಿಂತುದಿ ಮುಚ್ಚಿದ್ದ ಕಬ್ಬಿಣದ ಬಿರಡೆ ತುಕ್ಕು ಹಿಡಿದು ಸಡಿಲವಾಗಿತ್ತಂತೆ. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಮದ್ದು ತುಂಬುವುದು ಯಾವಾಗ ಎಂದು ಅವರು ಕೇಳಿದಾಗ, ಅದರ ಹಿಂದೆ ಆ ಹೆಬ್ಬೆರಳೂ ಇತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಬಂದೂಕುಗಳ ಚರಿತ್ರೆ ಓದಲು ಕುಳಿತಾಗ.

ಆ ಚರಿತ್ರೆಯನ್ನು ಒಂದೇ ಪ್ರಶ್ನೆಗೆ ಇಳಿಸಬಹುದು: ನಳಿಗೆಯ ಹಿಂಬಾಗಿಲನ್ನು ಹೇಗೆ ಮುಚ್ಚುವುದು?

ಮದ್ದು ಉರಿದಾಗ ಹುಟ್ಟುವ ಅನಿಲಕ್ಕೆ ಹಿಂದೆ ಮುಂದೆ ಎಂಬ ಭೇದವಿಲ್ಲ. ಗುಂಡನ್ನು ಎಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೋ ಹಿಂದಿನ ಗೋಡೆಯನ್ನೂ ಅಷ್ಟೇ ಬಲದಿಂದ ತಳ್ಳುತ್ತದೆ. ಹಿಂಬದಿಯನ್ನು ಶಾಶ್ವತವಾಗಿ ಮುಚ್ಚಿಬಿಟ್ಟರೆ ಬಾಯಿಂದ ತುಂಬಬೇಕು, ಅದು ತಡ. ಹಿಂದಿನಿಂದ ತುಂಬಬೇಕೆಂದರೆ ಪ್ರತಿ ಸಲ ತೆರೆದು ಮುಚ್ಚುವ ಬಾಗಿಲು ಬೇಕು. ಮುಖದಿಂದ ಒಂದು ಗೇಣು ದೂರದಲ್ಲಿ ಸ್ಫೋಟ ನಡೆಯುವಾಗ ಆ ಬಾಗಿಲು ತೆರೆದುಕೊಳ್ಳಲೂ ಬಾರದು.

ಅಮೆರಿಕದ ಕ್ರಿಶ್ಚಿಯನ್ ಶಾರ್ಪ್ಸ್ 1848ರಲ್ಲಿ ಪೇಟೆಂಟ್ ಪಡೆದ ಕೋವಿಯಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ನಮ್ಮ ಸೀಮೆಯವರಿಗೆ ಅದನ್ನು ವಿವರಿಸುವುದು ಸುಲಭ. ಕೆರೆಯ ಕಾಲುವೆಯ ಬಾಯಿಗೆ ಇಳಿಬಿಡುವ ಹಲಗೆ ನೋಡಿದ್ದೀರಲ್ಲ? ನೀರು ಅದನ್ನು ಅಡ್ಡಡ್ಡ ತಳ್ಳುತ್ತದೆ, ನಾವು ಅದನ್ನು ಮೇಲಕ್ಕೆ ಎತ್ತುತ್ತೇವೆ. ತಳ್ಳುವ ದಿಕ್ಕು ಒಂದು, ತೆರೆಯುವ ದಿಕ್ಕು ಇನ್ನೊಂದು. ನೀರು ಎಷ್ಟು ಜೋರಾಗಿ ತಳ್ಳಿದರೂ ಎರಡು ಪಕ್ಕದ ಗಾಡಿಗಳು ಹಲಗೆಯನ್ನು ಹಿಡಿದಿರುತ್ತವೆ. ಶಾರ್ಪ್ಸ್ ಕೋವಿಯಲ್ಲೂ ಉಕ್ಕಿನ ಒಂದು ದಿಮ್ಮಿ ನಳಿಗೆಯ ಹಿಂದೆ ಗಾಡಿಯೊಳಗೆ ಮೇಲೆ ಕೆಳಗೆ ಜಾರುತ್ತದೆ. ಅದನ್ನು ಜಾರಿಸುವುದು ಕೆಳಗಿರುವ ಒಂದು ಸನ್ನೆ, ಅಂದರೆ ಲಿವರ್. ಜಾಣತನವಿರುವುದು ಆ ಲಿವರನ್ನು ಇಟ್ಟಿರುವ ಜಾಗದಲ್ಲಿ. ಟ್ರಿಗರ್ ಸುತ್ತ ಬೆರಳು ಕಾಯಲು ಹೇಗೂ ಒಂದು ಕಬ್ಬಿಣದ ಬಳೆ ಬೇಕಿತ್ತು, ಆ ಬಳೆಯನ್ನೇ ಲಿವರ್ ಮಾಡಿದ. ಬಳೆಯನ್ನು ಕೆಳಕ್ಕೆ ಒತ್ತಿದರೆ ಹಿಂಬಾಗಿಲು ಇಳಿಯುತ್ತದೆ, ಮೇಲಕ್ಕೆ ಎಳೆದರೆ ಮುಚ್ಚಿಕೊಳ್ಳುತ್ತದೆ.

ಇಷ್ಟಾದರೂ ಕಾಗದದ ತೋಟಾ ಇದ್ದ ಕಾಲದಲ್ಲಿ ಸಂದಿಯಿಂದ ಬೆಂಕಿ ನುಸುಳುತ್ತಿತ್ತು. ಹಿತ್ತಾಳೆಯ ತೋಟಾ ಬಂದ ಮೇಲೆ ಆ ಕಾಟ ತಪ್ಪಿತು. ಹಿತ್ತಾಳೆ ಬಿಸಿ ಒತ್ತಡಕ್ಕೆ ಕ್ಷಣಮಾತ್ರ ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಂಡು ಅನಿಲವನ್ನು ತಡೆಯುತ್ತದೆ, ಮರುಕ್ಷಣ ಕುಗ್ಗಿ ಸಡಿಲವಾಗುತ್ತದೆ. ತೋಟಾದ ಬುಡಕ್ಕೆ ತಟ್ಟೆಯ ಅಂಚಿನಂಥ ಒಂದು ಅಂಚು. ಆ ಅಂಚು ತೋಟಾ ಒಳಗೆ ಜಾರದಂತೆ ತಡೆಯುತ್ತದೆ. ಖಾಲಿ ತೋಟಾ ಹೊರಗೆಳೆಯುವ ಕೊಕ್ಕೆಗೆ ಹಿಡಿಯಲು ಸಿಗುವುದೂ ಅದೇ. ಆ ಕೊಕ್ಕೆ ಎಷ್ಟು ಮುಖ್ಯವೆಂದರೆ, ಬ್ರಿಟಿಷರ ಮಾರ್ಟಿನಿ-ಹೆನ್ರಿ ಕೋವಿಯ ಮೊದಲ ತೋಟಾಗಳನ್ನು ತೆಳ್ಳನೆಯ ಹಿತ್ತಾಳೆ ಹಾಳೆ ಸುತ್ತಿ ಮಾಡಿದ್ದರಿಂದ 1880ರ ದಶಕದ ಸುಡಾನ್ ಯುದ್ಧದಲ್ಲಿ ಅವು ಸಿಕ್ಕಿಕೊಂಡು ದೊಡ್ಡ ರಂಪವೇ ಆಯಿತು. ಈ ಮಾರ್ಟಿನಿ-ಹೆನ್ರಿ ಕೂಡ ಒಂದೇ ತೋಟಾದ ಕೋವಿ. 1871ರಲ್ಲಿ ಬ್ರಿಟಿಷ್ ಸೇನೆಗೆ ಬಂತು. ಕೆಳಗೆ ಲಿವರ್ ಇದೆ. ದಿಮ್ಮಿ ಮಾತ್ರ ನೇರ ಇಳಿಯದೆ ಹಿಂದಿನ ಒಂದು ಅಚ್ಚಿನ ಮೇಲೆ ತೂಗಿ ಮುಂತುದಿಯನ್ನು ಬಗ್ಗಿಸುತ್ತದೆ.

ಅದೇ ಕಾಲದಲ್ಲಿ ಇನ್ನೊಂದು ಕವಲು ಬೆಳೆಯುತ್ತಿತ್ತು. ಒಂದಾದ ಮೇಲೊಂದು ಹೊಡೆಯುವ ಲಿವರ್ ಕೋವಿಗಳು. 1860ರ ಸ್ಪೆನ್ಸರ್ ಎರಡು ಕವಲಿನ ನಡುವೆ ನಿಂತಂತಿದೆ: ಹಿಡಿಯೊಳಗಿನ ಕೊಳವೆಯಲ್ಲಿ ಏಳು ತೋಟಾ, ಲಿವರ್ ಆಡಿಸಿದರೆ ಹೊಸ ತೋಟಾ ಒಳಗೆ ಹೋಗುತ್ತದೆ, ಆದರೆ ಕುದುರೆಯನ್ನು ಪ್ರತಿ ಸಲ ಹೆಬ್ಬೆರಳಿನಿಂದಲೇ ಎಳೆಯಬೇಕು. ಹೆನ್ರಿ, 1866 ಮತ್ತು 1873ರ ವಿಂಚೆಸ್ಟರ್‌ಗಳಲ್ಲಿ ಆ ಕೆಲಸವನ್ನೂ ಲಿವರೇ ಮಾಡಿತು. ಇವು ವೇಗದಲ್ಲಿ ಮುಂದು, ಬಲದಲ್ಲಿ ಹಿಂದು. ಅವುಗಳ ಹಿಂಬಾಗಿಲು ಹಲಗೆಯಲ್ಲ, ಮೊಣಕಾಲು. ಎರಡು ಉಕ್ಕಿನ ತುಂಡುಗಳು ಕೀಲಿನಲ್ಲಿ ಸೇರಿ, ಕಾಲು ನೇರ ನೀಡಿದಾಗ ಮೊಣಕಾಲು ಗಟ್ಟಿಯಾಗುವಂತೆ ಗಟ್ಟಿಯಾಗುತ್ತವೆ. ಸಣ್ಣ ತೋಟಾಕ್ಕೆ ಸಾಕು, ದೊಡ್ಡದಕ್ಕೆ ಸಾಲದು.

1877ರಲ್ಲಿ, ಈಗಿನ ಬಲ್ಗೇರಿಯದ ಪ್ಲೆವ್ನಾದಲ್ಲಿ, ಈ ಎರಡೂ ಒಂದೇ ಕಂದಕದಲ್ಲಿ ಕೂತವು. ಒಸ್ಮಾನ್ ಪಾಷಾನ ತುರ್ಕಿ ಸೈನಿಕರು ದೂರದ ರಷ್ಯನ್ನರ ಮೇಲೆ ಒಂದೇ ತೋಟಾದ ಪೀಬಾಡಿ-ಮಾರ್ಟಿನಿಯಿಂದ ಹೊಡೆದರು. ಹತ್ತಿರ ಬಂದವರ ಮೇಲೆ ವಿಂಚೆಸ್ಟರ್ ಎತ್ತಿಕೊಂಡರು. ಜುಲೈಯಿಂದ ಡಿಸೆಂಬರ್‌ವರೆಗೆ ಊರು ಬಿದ್ದಿರಲಿಲ್ಲ. ಒಬ್ಬನ ಪಕ್ಕದಲ್ಲಿ ಎರಡು ಕೋವಿ ಇಡಬೇಕಾಯಿತು ಎನ್ನುವುದೇ ಆ ಕಾಲದ ಕೋವಿಗಳ ಬಗ್ಗೆ ಎಲ್ಲ ಹೇಳುತ್ತದೆ: ದೂರ ಹೋಗುವುದು ಬೇಗ ಹೊಡೆಯುವುದಿಲ್ಲ, ಬೇಗ ಹೊಡೆಯುವುದು ದೂರ ಹೋಗುವುದಿಲ್ಲ.

ಎರಡನ್ನೂ ಕೂಡಿಸಿದವನು ಜಾನ್ ಮೋಸೆಸ್ ಬ್ರೌನಿಂಗ್. ಅಮೆರಿಕದ ಯೂಟಾ ಸೀಮೆಯ ಆಗ್ಡೆನ್ ಎಂಬ ಊರಿನ ಬಂದೂಕು ರಿಪೇರಿಯವನ ಮಗ. 1879ರಲ್ಲಿ, ಇಪ್ಪತ್ನಾಲ್ಕರ ವಯಸ್ಸಿನಲ್ಲಿ, ಒಂದೇ ತೋಟಾದ ಕೋವಿಯೊಂದಕ್ಕೆ ಪೇಟೆಂಟ್ ಪಡೆದ. ಅದರಲ್ಲೂ ಜಾರುವ ದಿಮ್ಮಿ, ಅದರಲ್ಲೂ ಬೆರಳಬಳೆಯೇ ಲಿವರ್. ಲಿವರ್ ಇಳಿಸಿದರೆ ದಿಮ್ಮಿಯ ಜೊತೆ ಕುದುರೆಯೂ ಇಳಿಯುತ್ತದೆ. ಅಣ್ಣತಮ್ಮಂದಿರು ಸೇರಿ ಅಂಗಡಿಯಲ್ಲೇ ಕೆಲವು ನೂರು ಮಾಡಿ ಮಾರಿದರು. ಅದರಲ್ಲೊಂದು ಹೇಗೋ ವಿಂಚೆಸ್ಟರ್ ಕಂಪನಿಯವರ ಕೈಗೆ ಬಿತ್ತು. 1883ರಲ್ಲಿ ಕಂಪನಿಯ ದೊಡ್ಡ ಅಧಿಕಾರಿ ಬೆನೆಟ್ ರೈಲು ಹತ್ತಿ ಆಗ್ಡೆನ್‌ವರೆಗೆ ಬಂದು 8,000 ಡಾಲರಿಗೆ ಹಕ್ಕು ಕೊಂಡ. ಅದು ವಿಂಚೆಸ್ಟರ್ 1885 ಆಯಿತು.

ಅದಾದ ಒಂದೇ ವರ್ಷಕ್ಕೆ, 1886ರ ಮಾದರಿಯಲ್ಲಿ, ಬ್ರೌನಿಂಗ್ ಮೊಣಕಾಲನ್ನು ಕಿತ್ತುಹಾಕಿ ಆ ಜಾಗದಲ್ಲಿ ಕಾಲುವೆಯ ಹಲಗೆಯನ್ನು ತಂದ. ಹಿಂದೆ ಮುಂದೆ ಓಡಾಡುವ ಬೋಲ್ಟಿನ ಎರಡು ಪಕ್ಕದಲ್ಲಿ ಎರಡು ಉಕ್ಕಿನ ಪಟ್ಟಿಗಳು ಕೆಳಗಿನಿಂದ ಮೇಲೆದ್ದು ಗಾಡಿಗೆ ಕೂರುತ್ತವೆ. ತೋಟಾ ಸಿಡಿದಾಗ ಬೋಲ್ಟ್ ಹಿಂದಕ್ಕೆ ತಳ್ಳುತ್ತದೆ, ಪಟ್ಟಿಗಳು ಅಡ್ಡ ನಿಲ್ಲುತ್ತವೆ. ಒಂಟಿ ತೋಟಾದ ಕೋವಿಯ ಅಗುಳಿಯನ್ನೇ ಸೀಳಿ ಬೇಗ ಹೊಡೆಯುವ ಕೋವಿಗೆ ಹಾಕಿದ ಹಾಗೆ. ಸೇನೆಯ ಒಂಟಿ ಕೋವಿಗಳಿಗೆಂದು ಮಾಡಿದ್ದ ದಪ್ಪ .45-70 ತೋಟಾವನ್ನು ಈಗ ಲಿವರ್ ಕೋವಿಯೂ ನುಂಗಿತು. 1894ರಲ್ಲಿ ಪಟ್ಟಿ ಒಂದೇ ಆಗಿ ಬೋಲ್ಟಿನ ಬೆನ್ನಿಗೆ ಹೋಯಿತು. 1895ರಲ್ಲೂ ಬೋಲ್ಟಿನ ಹಿಂದೆ ಮೇಲೇಳುವ ಅಗುಳಿಯೇ. ತೋಟಾಗಳು ಮಾತ್ರ ನಳಿಗೆಯ ಕೆಳಗಿನ ಕೊಳವೆ ಬಿಟ್ಟು ಲಿವರಿನ ಮುಂದಿನ ಪೆಟ್ಟಿಗೆಗೆ ಬಂದವು. ಕೊಳವೆಯಲ್ಲಿ ಒಂದರ ಮೂತಿ ಇನ್ನೊಂದರ ಬುಡಕ್ಕೆ ತಾಗುತ್ತದೆ. ಹೊಸ ಚೂಪು ಗುಂಡುಗಳಾದರೆ ಅದು ಕೈಯಲ್ಲಿ ಕೆಂಡ ಹಿಡಿದ ಹಾಗೆ.

ಇವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅಣ್ಣತಮ್ಮಂದಿರೆಂದು ಯಾರಾದರೂ ಹೇಳಬಹುದು. ಬೋಲ್ಟ್ ರೈಫಲಿಗೆ ಸಾಮಾನ್ಯವಾಗಿ ನಳಿಗೆಯ ಕೆಳಗಿನಿಂದ ಭುಜದವರೆಗೆ ಒಂದೇ ಮರ. ಇವಕ್ಕೆ ಮರ ಎರಡು ತುಂಡು, ನಳಿಗೆಯ ಕೆಳಗೊಂದು, ಭುಜಕ್ಕೊಂದು. ನಡುವೆ ಉಕ್ಕಿನ ಗೂಡು, ಯಾಕೆಂದರೆ ಅಗುಳಿ ಏರಿ ಇಳಿಯಲು ಜಾಗ ಬೇಕು. ಎರಡಕ್ಕೂ ಅಂಚಿನ ತೋಟಾ. ಎರಡಕ್ಕೂ ಬೆರಳಬಳೆ ಲಿವರ್. ಮತ್ತು, ಮಾರ್ಟಿನಿಯಂಥವನ್ನು ಬಿಟ್ಟರೆ, ಎರಡಕ್ಕೂ ಬೆನ್ನ ಮೇಲೆ ಎದ್ದು ಕಾಣುವ ಕುದುರೆ.

ಈ ಕುದುರೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಬಡಿಯುವ ಆ ತುಂಡಿಗೆ ನಮ್ಮಲ್ಲಿ ಕುದುರೆ ಅನ್ನುತ್ತೇವೆ, ಹಿಂದಿಯಲ್ಲೂ ಅದು ಘೋಡಾ. ಇಂಗ್ಲಿಷರಿಗೆ ಅದು ಮೊದಲು ಹುಂಜವಾಗಿತ್ತು, ಆಮೇಲೆ ಸುತ್ತಿಗೆಯಾಯಿತು. ನನಗೇನೋ ಕುದುರೆಯೇ ಸರಿ ಅನ್ನಿಸುತ್ತದೆ. ಲಗಾಮು ಹಿಡಿದಿದ್ದೀಯೋ ಬಿಟ್ಟಿದ್ದೀಯೋ ಎನ್ನುವುದು ಅದರಲ್ಲಿ ಕಾಣುತ್ತದೆ. ಹೆಬ್ಬೆರಳಿನಿಂದ ಎಳೆದರೆ ಮೊದಲ ಟಿಕ್, ಅರ್ಧಕ್ಕೆ ನಿಲ್ಲುತ್ತದೆ; ಅಲ್ಲಿ ಟ್ರಿಗರ್ ಎಳೆದರೂ ಬಡಿಯುವುದಿಲ್ಲ. ಎರಡನೆಯ ಟಿಕ್‌ಗೆ ಪೂರ್ತಿ ಎದ್ದು ನಿಲ್ಲುತ್ತದೆ. ಕೋವಿ ಸಿದ್ಧವಿದೆಯೇ ಇಲ್ಲವೇ ಎಂದು ಕಣ್ಣಿಗೆ ಕಾಣುತ್ತದೆ, ಕತ್ತಲಲ್ಲಾದರೆ ಬೆರಳಿಗೆ ತಿಳಿಯುತ್ತದೆ. ಕುದುರೆಯನ್ನು ಹೊಟ್ಟೆಯೊಳಗೆ ಬಚ್ಚಿಟ್ಟ ಮಾರ್ಟಿನಿ-ಹೆನ್ರಿಗೂ ಪಕ್ಕದಲ್ಲಿ ಒಂದು ಪುಟ್ಟ ಸೂಚಕ ಇಡಬೇಕಾಯಿತು. ದೊಡ್ಡಪ್ಪನ ಕೇಪಿನ ಕೋವಿಯಲ್ಲೂ ಇದೇ ಕುದುರೆ, ಇದೇ ಎರಡು ಟಿಕ್. ಲಂಡನ್ನಿನ ಸೇನೆಯ ಕೋವಿಗೂ ಗೌಡಗೆರೆಯ ಹಂದಿ ಕಾಯುವ ಕೋವಿಗೂ ಸಾಮಾನ್ಯವಾದ ಅಂಗವೆಂದರೆ ಅದೊಂದೇ ಇರಬೇಕು.

ಈಗ ಆಂಡರ್ಸನ್. 1910ರಲ್ಲಿ ಹೈದರಾಬಾದಿನ ಬೊಲಾರಂನಲ್ಲಿ ಹುಟ್ಟಿ, ಬೆಂಗಳೂರಿನಲ್ಲೇ ಬಾಳಿ 1974ರಲ್ಲಿ ತೀರಿಕೊಂಡವನು. ಬಹಳ ಕಾಲ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದ. ಅವನ ಕತೆಗಳ ಊರುಗಳು ನಮಗೆ ದೂರದವಲ್ಲ. ಹೊಸದುರ್ಗ-ಹೊಳಲ್ಕೆರೆ ಸೀಮೆಯ ನರಭಕ್ಷಕನ ಮೇಲೆ ಬರೆದಿದ್ದಾನೆ, ಅದು ಶಿರಾದಿಂದ ಪಶ್ಚಿಮಕ್ಕೆ. ತುಮಕೂರಿನ ಪಕ್ಕದ ದೇವರಾಯನದುರ್ಗದ ಹುಲಿಯ ಮೇಲೂ ಬರೆದಿದ್ದಾನೆ, ಅದು ಕೊರಟಗೆರೆ ದಾಟಿದರೆ ಸಿಗುವ ಬೆಟ್ಟ. ಕಾರ್ಬೆಟ್ ಕೈಯಲ್ಲಿ .275 ರಿಗ್ಬಿ ಎಂಬ ಬೋಲ್ಟ್ ರೈಫಲ್ ಇದ್ದರೆ, ಆಂಡರ್ಸನ್ ಕೈಯಲ್ಲಿ ಇದ್ದದ್ದು .405 ವಿಂಚೆಸ್ಟರ್, ಅದೇ 1895ರ ಲಿವರ್ ಕೋವಿ. ಆ .405 ತೋಟಾ ಹುಟ್ಟಿದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿ 1909ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೋದ ಥಿಯೋಡೋರ್ ರೂಸ್‌ವೆಲ್ಟ್ ಸಿಂಹಕ್ಕೆ ಇದೇ ಮದ್ದೆಂದು ಹೊಗಳಿದ್ದರಿಂದ ಅದು ಹೆಸರಾಯಿತು. ಇನ್ನೊಂದು ಸ್ವಾರಸ್ಯ: ವಿಂಚೆಸ್ಟರ್ ಕಂಪನಿ ಅದೇ .405 ತೋಟಾಕ್ಕೆ ತನ್ನ ಹಳೆಯ ಒಂಟಿ ಕೋವಿಯನ್ನೂ, ಆ 1885ನ್ನು, ಮಾಡಿಕೊಟ್ಟಿತು. ಅದೇ ತೋಟಾ, ಅದೇ ಬಲ. ಒಂದರಲ್ಲಿ ಒಂದೇ ಅವಕಾಶ, ಇನ್ನೊಂದರಲ್ಲಿ ಪೆಟ್ಟಿಗೆಯೊಳಗೆ ನಾಲ್ಕು.

ದೊಡ್ಡಪ್ಪನ ಪ್ರಶ್ನೆಗೆ ಇದು ಉತ್ತರ. ಮದ್ದು ತುಂಬುವ ಕೆಲಸವನ್ನೆಲ್ಲ ಹಗಲಲ್ಲಿ, ಕಾರ್ಖಾನೆಯಲ್ಲಿ, ಯಾರೋ ಮಾಡಿ ಮುಗಿಸಿದ್ದಾರೆ. ಮರದ ಮೇಲೆ ಕೂತವನಿಗೆ ಉಳಿದದ್ದು ಬಳೆಯನ್ನು ಕೆಳಗೊತ್ತಿ ಮೇಲೆಳೆಯುವುದಷ್ಟೆ. ಆಗ ಅಗುಳಿ ಇಳಿದು, ಬೋಲ್ಟ್ ಹಿಂದೆ ಸರಿದು, ಕೊಕ್ಕೆ ಖಾಲಿ ತೋಟಾ ಎಸೆದು, ಕುದುರೆ ಎದ್ದು, ಹೊಸ ತೋಟಾ ಒಳಹೋಗಿ, ಅಗುಳಿ ಮತ್ತೆ ಏರುತ್ತದೆ. ಇದು ಸದ್ದಿಲ್ಲದೆ ಆಗುವುದಲ್ಲ. ಹಾಗಾಗಿ ಮಚಾನಿನ ಮೇಲೆ ಕೂರುವವನು ಮೊದಲೇ ತೋಟಾ ಏರಿಸಿ, ಕುದುರೆಯನ್ನು ಅರ್ಧಕ್ಕೆ ಇಳಿಸಿ ಕಾಯಬೇಕು. ಪ್ರಾಣಿ ಬಂದಾಗ ಮಾಡಬೇಕಾದದ್ದು ಹೆಬ್ಬೆರಳಿನ ಒಂದು ಎಳೆತ ಮಾತ್ರ.

ಹಾಗಾದರೆ 1886ರಲ್ಲಿ ಆಗ್ಡೆನ್ನಿನ ಒಬ್ಬ ರಿಪೇರಿಯವನ ಮಗ ಬಿಡಿಸಿದ ಗಂಟು ನೂರು ವರ್ಷ ಕಳೆದರೂ ಗೌಡಗೆರೆಗೆ ಯಾಕೆ ಬರಲಿಲ್ಲ? ಬಡತನ ಒಂದು ಕಾರಣ, ಸರಿ. ಕಾನೂನೂ ಒಂದು ಕಾರಣ. 1857ರಲ್ಲಿ ಹತಾರ ಒಪ್ಪಿಸಿರೆಂಬ ಕಾಯಿದೆ ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಿಸೆವೆಂದು ನಿಂತರು. ಆ ನವೆಂಬರಿನಲ್ಲಿ ಊರೇ ಸುಟ್ಟಿತು. ಅವರ ಮೇಲಿನ ಲಾವಣಿಯನ್ನು ಫ್ಲೀಟ್ ಸಾಹೇಬನೇ ಸಂಗ್ರಹಿಸಿ ಅಚ್ಚು ಹಾಕಿಸಿದ. 1878ರಲ್ಲಿ, ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ, ಲೈಸೆನ್ಸ್ ಇಲ್ಲದೆ ಭಾರತೀಯರು ಕೋವಿ ಇಟ್ಟುಕೊಳ್ಳುವಂತಿಲ್ಲವೆಂದಾಯಿತು. ಕೊಡವರಿಗೆ ಮಾತ್ರ ಅದಕ್ಕೂ ಮುಂಚಿನಿಂದ ವಿನಾಯಿತಿ. ಕೈಲ್‌ಪೊಳ್ದ್ ದಿನ ಅವರು ಇಂದಿಗೂ ತೋಕನ್ನು ಪೂಜೆಗೆ ಇಡುತ್ತಾರೆ. ಉಳಿದವರಿಗೆ ಸಿಕ್ಕರೆ ಬಾಯಿಂದ ತುಂಬುವ ಕೋವಿ.

ಸಿಪಾಯಿಗಳ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ. 1857ರ ಭಯ ಮರೆಯದ ಬ್ರಿಟಿಷರು ಭಾರತೀಯ ಸಿಪಾಯಿಯನ್ನು ಯಾವಾಗಲೂ ಒಂದು ಹೆಜ್ಜೆ ಹಿಂದಿಟ್ಟರು. ಗೋರಾಗಳಿಗೆ ಮಾರ್ಟಿನಿ ಬಂದಾಗ ಇವನ ಕೈಯಲ್ಲಿ ಹಳೆಯ ಸ್ನೈಡರ್. ಅವರಿಗೆ ಲೀ-ಮೆಟ್‌ಫೋರ್ಡ್ ಬಂದ ಮೇಲೆ ಇವನಿಗೆ ಮಾರ್ಟಿನಿ. ಆ ಒಂಟಿ ಕೋವಿಯ ಭೂತ ಆಮೇಲೂ ಬಿಡಲಿಲ್ಲ. ಕಳುವಾದ ಮಾರ್ಟಿನಿಗಳು ಗಡಿನಾಡಿನ ಬುಡಕಟ್ಟುಗಳ ಕೈಯಲ್ಲಿ ಓಡಾಡುತ್ತಿದ್ದುದರಿಂದ, ಅವಕ್ಕೆ ಮದ್ದುಗುಂಡು ಸಿಗಬಾರದೆಂದು, 20ನೇ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ಬೇಟೆ ರೈಫಲುಗಳನ್ನು ಭಾರತಕ್ಕೆ ತರುವುದನ್ನೇ ನಿಲ್ಲಿಸಿದರು. ಇಂಗ್ಲೆಂಡಿನ ಬಂದೂಕು ಕಂಪನಿಗಳು ಸಾಹೇಬರ ಆನೆ ಬೇಟೆಗೆ .465, .470, .475 ಎಂದು ಹೊಸ ಅಳತೆಗಳನ್ನೇ ಹುಟ್ಟಿಸಬೇಕಾಯಿತು.

ಇಷ್ಟೆಲ್ಲ ತಿಳಿದುಕೊಂಡು ಒಂದು ಯುಗಾದಿಗೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಎಂಬತ್ತು ದಾಟಿತ್ತು. ಕಣ್ಣಿನ ಪೊರೆ ತೆಗೆಸಿ ಆಗಿತ್ತು. ಕೋವಿ ಆಗಲೂ ಇತ್ತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತಿದ್ದರು, ಹೊಡೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರು ಹುಡುಗರಾಗಿದ್ದಾಗ ಈಡಿಗೆ ಸಿಗುತ್ತಿದ್ದ ಚಿಂಕಾರಕ್ಕೆ ಈಗ ನಮ್ಮದೇ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಅಭಯಾರಣ್ಯವಿದೆ, ಕೃಷ್ಣಮೃಗಕ್ಕೆ ಮಧುಗಿರಿಯ ಮೈದನಹಳ್ಳಿ ಇದೆ. ನಾನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ 1895ರ ವಿಂಚೆಸ್ಟರ್ ಬರೆದು ತೋರಿಸಿದೆ. ಇದು ಬಳೆ, ಇದೇ ಲಿವರ್, ಇದನ್ನು ಹೀಗೆ ಒತ್ತಿದರೆ ಇಲ್ಲಿ ಅಗುಳಿ ಇಳಿಯುತ್ತದೆ, ಕಾಲುವೆ ಹಲಗೆ ಇದ್ದ ಹಾಗೆ. ಅವರು ಅಗುಳಿಯ ಮೇಲೆ ಆ ಮೊಂಡು ಹೆಬ್ಬೆರಳು ಇಟ್ಟು ಬಹಳ ಹೊತ್ತು ನೋಡಿದರು.

“ಹಿಂದ್ಗಡೆ ಭದ್ರ ಐತೆ ಬಿಡು” ಅಂದರು. ಆಮೇಲೆ ಬೆರಳು ಕೆಳಗೆ ಲಿವರಿನತ್ತ ಸರಿಯಿತು. “ಆದ್ರೆ ಇದು ಕೆಳಕ್ಕೆ ಇಷ್ಟ್ ಬಂದ್ರೆ, ನೆಲಕ್ಕೆ ಅಂಟ್ಕಂಡು ಮಲಗಿ ಹೊಡೆಯೋನು ಏನ್ ಮಾಡ್ಬೇಕು?”

ನಾನು ನಕ್ಕುಬಿಟ್ಟೆ. ಮಲಗಿದವನಿಗೆ ಲಿವರ್ ಆಡಿಸಲು ಜಾಗವಿಲ್ಲ. ಜಗತ್ತಿನ ಸೇನೆಗಳು ಬೋಲ್ಟ್ ರೈಫಲಿನ ಕಡೆ ಹೋದದ್ದಕ್ಕೆ ಹೇಳುವ ಕಾರಣಗಳಲ್ಲಿ ಅದೂ ಒಂದು. ರಷ್ಯ ಮೊದಲ ಮಹಾಯುದ್ಧದಲ್ಲಿ ಸುಮಾರು 3 ಲಕ್ಷ ವಿಂಚೆಸ್ಟರ್ 1895 ಕೊಂಡದ್ದು ಅದು ಇಷ್ಟವಾಗಿ ಅಲ್ಲ, ಬೇರೆ ಸಿಗದೆ. ಅದನ್ನು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಕ್ಯಾಲೆಂಡರನ್ನು ಮಡಚಿ ದಿಂಬಿನ ಕೆಳಗಿಟ್ಟುಕೊಂಡು, ಹೊಸದುರ್ಗದ ನರಭಕ್ಷಕನ ಕತೆ ಇದ್ದರೆ ತೆಗಿ ಅಂದರು.